ತಂಗಿಯ ಎರಡನೇ ಎಕ್ಸ್‌ರೇ

ತಂಗಿ ಕೆಂಚಮ್ಮನ ಹಿಮ್ಮಡಿಯ ಕರಿ ಮಚ್ಚೆ ಒಡೆದು ರಕ್ತ ಬಂದ ದಿನ ನಾನೇ ಕುಡುಗೋಲು ಕಾಯಿಸಿ ಬರೆ ಎಳೆದೆ. ಕುರಿಗೆ ಹುಣ್ಣಾದರೆ ನಾವು ಮಾಡುವುದು ಅದೇ. ಅವಳು ಚೀರಿದಳು, ಒದ್ದಳು, ನನ್ನ ತೋಳು ಕಚ್ಚಿದಳು. ನಾನು ಬಿಡಲಿಲ್ಲ. ಆಗ ಅವಳಿಗೆ ಹತ್ತೊಂಬತ್ತು.

ಆರು ತಿಂಗಳಿಗೆ ತೊಡೆಸಂದಿಯಲ್ಲಿ ಗಂಟು. ಆಮೇಲೆ ಕೆಮ್ಮು. ನಮ್ಮೂರು ಹರಿಯಬ್ಬೆಯಿಂದ ಬಸ್ಸಿನಲ್ಲಿ ಅವಳನ್ನೂ ಅವ್ವನನ್ನೂ ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದೆ. ಗಂಟಿನ ಚೂರು ಬಯಾಪ್ಸಿಗೆ ಹೋಯಿತು. ಅದರ ರಿಪೋರ್ಟ್ ಬಂದ ದಿನ ಎದೆಯ ಎಕ್ಸ್‌ರೇ ತೆಗೆಸಿದರು.

ಡಾಕ್ಟರು ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. "ಚರ್ಮದ ಕ್ಯಾನ್ಸರ್. ಎದೆಗೂ ಹಬ್ಬಿದೆ. ಈ ಬಿಳಿ ಚುಕ್ಕೆ ನೋಡಿ."

ಅವ್ವ ಧಡಕ್ಕನೆ ಎದ್ದಳು. "ಅವು ದ್ಯಾವ್ರ ಬೆಳ್ಳಿ ಗುಂಡು ಸಾಮಿ! ಕೊಳ್ಳಾಗಿನ ದಾರ ಬಿಚ್ಚಬಾರ್ದು ಅಂತ ಜಡೆಯಾಗೆ ಸುತ್ತಿ ಬೆನ್ನಿಗೆ ಇಳಿಬಿಟ್ಟಿದ್ದೆ!"

ಹೋದ ಜೀವ ಬಂದಂತಾಯಿತು ನನಗೆ. ಡಾಕ್ಟರು ಗದರಿದರು, ಆದರೂ ಇನ್ನೊಂದು ಎಕ್ಸ್‌ರೇಗೆ ಚೀಟಿ ಬರೆದರು. ಕೆಂಚಮ್ಮನ ಜಡೆಯಿಂದ ನಾನು ದಾರ ಎಳೆದ ರಭಸಕ್ಕೆ ಕೂದಲೂ ಕಿತ್ತು ಬಂತು.

ಎರಡನೇ ಫಿಲಂನಲ್ಲಿ ಗುಂಡುಗಳಿರಲಿಲ್ಲ.

ಚುಕ್ಕೆಗಳಿದ್ದವು.

ಕೈಯಲ್ಲಿದ್ದ ದೇವರ ಗುಂಡುಗಳನ್ನು ನೆಲಕ್ಕೆಸೆದು ಚಪ್ಪಲಿ ಕಾಲಲ್ಲೇ ತುಳಿದೆ. ಅವ್ವ ಎದೆ ಬಡಿದುಕೊಂಡಳು. ನಾನು ಡಾಕ್ಟರ ಕಾಲರ್ ಹಿಡಿದೆ. "ಬರೆ ಹಾಕಿದ್ದು ನಾನು. ನನ್ನಿಂದ್ಲೇ ಆತಾ? ಹೇಳ್ರಿ!"

ಅವರು ನನ್ನ ಕೈ ಬಿಡಿಸಿದರು. "ಬರೆಯಿಂದ ಬಂದಿದ್ದಲ್ಲಪ್ಪ. ಆದರೆ ಅವತ್ತೇ ಕರೆತಂದಿದ್ದರೆ ಮಚ್ಚೆಯನ್ನೇ ಕತ್ತರಿಸಿ ತೆಗೀಬಹುದಿತ್ತು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಕೆಂಚಮ್ಮನಿಗೆ ಕಾಣದಂತೆ ಫಿಲಂ ಅನ್ನು ಕಂಬಳಿಯೊಳಗೆ ಸೇರಿಸಿದೆ. ಅವಳು ನೋಡಿಬಿಟ್ಟಳು. ಎದ್ದು ಬಂದವಳೇ ಕೆನ್ನೆಗೆ ಬಾರಿಸಿದಳು, ಅಣ್ಣನೆಂದೂ ನೋಡದೆ.

"ಬರೆ ಹಾಕುವಾಗ ನನ್ನ ಕೇಳಿದ್ಯೇನಣ್ಣ? ಈಗ ಇದ್ನೂ ಬಚ್ಚಿಡ್ತೀಯಾ? ಕೊಡು ಇಲ್ಲಿ. ಎದೆ ನಂದೈತೆ."

ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಡಿ, ಊರಿಗೆ ಹೋಗಾಣ."

ಇದಾಗಿ ಎರಡು ತಿಂಗಳು. ಗುಣವಾಗುವುದಿಲ್ಲವೆಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದಾರೆ. ಕಾಲರ್ ಹಿಡಿದವನಿಗೂ ಸುಳ್ಳು ಹೇಳಲಿಲ್ಲವಲ್ಲ, ಅಷ್ಟಕ್ಕೆ ಅವರಿಗೆ ಕೈ ಮುಗಿಯುತ್ತೇನೆ. ಹಿಮ್ಮಡಿಯ ಹುಣ್ಣಿಗೆ ದಿನವೂ ಪಟ್ಟಿ ಬದಲಿಸಬೇಕು. ಅದನ್ನು ಮುಟ್ಟಲು ಅವ್ವನನ್ನೂ ಅವಳು ಬಿಡುವುದಿಲ್ಲ. ನಾನು ಬಿಸಿನೀರು ತಂದು ಕೂತರೆ, ಕಟುಕ, ಪಾಪಿ ಎಂದು ಬಾಯಿಗೆ ಬಂದದ್ದು ಬೈಯುತ್ತಾಳೆ.

ಬೈಯುತ್ತಲೇ ಕಾಲನ್ನು ನನ್ನ ತೊಡೆಯ ಮೇಲಿಡುತ್ತಾಳೆ.