ನಿಲ್ಲಿಸುವ ಸಾಲು

ನಾವು ಕಲಿಯುತ್ತಿದ್ದ ಕಾಲಕ್ಕೆ ಖಾನಾಪುರದ ನಮ್ಮ ಕನ್ನಡ ಶಾಲೆಯಲ್ಲಿ ಕುಣಿತ ಕಲಿಸಲೆಂದೇ ಯಾರೂ ಇರಲಿಲ್ಲ. ಅಡುಗೆಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಒಂದಿಷ್ಟು ಜಾಗವಿತ್ತು, ಅಷ್ಟೇ. ನಾನಾಗ ಆರನೆಯ ಇಯತ್ತೆ. ಮಳೆಗಾಲ ಎಂದು ಬರೆಯಹೊರಟೆ. ಆದರೆ ಮಳೆ ನೆನಪಿಲ್ಲ. ನೆನಪಿರುವುದು ಒಣಗದ ಲಂಗದ ವಾಸನೆ, ಹಸಿ ಕಟ್ಟಿಗೆಯ ಹೊಗೆ. ಅವೆರಡರಿಂದ ಮಳೆಯನ್ನು ಊಹಿಸುತ್ತಿದ್ದೇನೆ. ಈ ಕಥೆಯಲ್ಲಿ ಇನ್ನೂ ಕೆಲವನ್ನು ಹೀಗೆ ಊಹಿಸಿರಬಹುದು. ಒಂದನ್ನಂತೂ ಕದ್ದಿದ್ದೆ, ಅದನ್ನು ಮುಂದೆ ಹೇಳುತ್ತೇನೆ.

ಆ ವರ್ಷ ಬೆಳಗಾವಿಯಲ್ಲಿ ಶಾಲಾ ಮಕ್ಕಳಿಗೊಂದು ಸ್ಪರ್ಧೆ ಇಟ್ಟಿದ್ದರು. ನಿಮ್ಮದಲ್ಲದ, ಬೇರೆ ಜನರ ಜಾನಪದ ಕುಣಿತವೊಂದನ್ನು ಕಲಿತು ತೋರಿಸಬೇಕು. ಉಳಿದ ಶಾಲೆಗಳು ಕ್ಯಾಸೆಟ್ ತರಿಸಿ ಪಂಜಾಬಿನದೋ ಗುಜರಾತಿನದೋ ಕಲಿಯತೊಡಗಿದವು.

"ಅಷ್ಟ ದೂರ ಯಾಕ ಹೋಗೂಣು? ನಮ್ಮ ಅಡಿಗಿಮನ್ಯಾಗ ಶಾಂತಾಬಾಯಿ ಅದಾಳಲ್ಲ" ಎಂದರು ನಮಗೆ ಕಲಿಸುತ್ತಿದ್ದ ಅಕ್ಕೋರು.

ಶಾಂತಾಬಾಯಿ ನಮಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವಳು. ಕಾಡಂಚಿನ ಮರಾಠಿ ಹಳ್ಳಿಯವಳು, ನಮಗೆಲ್ಲ 'ಬಾಯಿ'. ಅವಳು ಫುಗಡಿ ಕಲಿಸುತ್ತಾಳೆಂದಾಗ ನಕ್ಕಿದ್ದೆವು. ಪಂಚಮಿಗೆ ನಾವೂ ಆಡುತ್ತಿದ್ದೆವಲ್ಲ: ಇಬ್ಬರು ಎದುರುಬದುರು ನಿಂತು, ಕೈ ಅಡ್ಡಡ್ಡ ಹಿಡಿದು, ಹಿಂದಕ್ಕೆ ವಾಲಿ ಗರಗರ ತಿರುಗುವುದು. ಆದರೆ ನಮ್ಮದು ತಲೆ ಸುತ್ತುವವರೆಗೆ. ಅವಳದು ಹಾಡು ಮುಗಿಯುವವರೆಗೆ. ಆ ಹಾಡಿನಲ್ಲಿ ಹುಡುಗಿಯೊಬ್ಬಳು ತವರಿಗೆ ಹೊರಟಿದ್ದಾಳೆ. ಗುಡ್ಡ ಇಳಿಯುವಾಗ ಹಾಡು ಓಡುತ್ತದೆ, ಕಾಲೂ ಓಡುತ್ತವೆ, ನಡುನಡುವೆ ಬಾಯಿಂದ 'ಫೂ, ಫೂ' ಎಂಬ ಉಸಿರು. ಕೊನೆಗೆ ಹಳ್ಳ ದಾಟುತ್ತಾಳೆ, ಅಂಗಳ ಬರುತ್ತದೆ. ಆ ಸಾಲನ್ನು ಎಳೆದು ಎಳೆದು ಹಾಡಬೇಕು. ಅದು ಮುಗಿಯುವಷ್ಟರಲ್ಲಿ ಇಬ್ಬರೂ ನೆಟ್ಟಗೆ ನಿಂತಿರುತ್ತಾರೆ.

ನನ್ನ ಜೋಡಿ ಮುಮ್ತಾಜ್. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದ ಅವಳಿಗೆ ಹೆಜ್ಜೆ ಒಂದೇ ದಿನಕ್ಕೆ ಬಂತು, ಮರಾಠಿ ಹಾಡು ಮಾತ್ರ ಒಂದು ಸಾಲೂ ಹತ್ತಲಿಲ್ಲ. ಹಾಡು ನನ್ನ ಪಾಲಿಗೆ ಬಂತು.

"ಮುಮ್ತಾಜ್, ಕೈ ಗಟ್ಟಿ ಹಿಡಿ. ಮೀನ ಹಿಡದಂಗ ಹಿಡದೀಯಲ್ಲ!"

"ಗಿರಿಜಾನ ಕೈ ಬೆವರತಾವ್ರಿ ಬಾಯಿ."

"ಬೆವರ್ಲಿ. ನೀ ಬಿಟ್ಟರ ಆಕಿ ಬೀಳತಾಳ, ಆಕಿ ಬಿಟ್ಟರ ನೀ. ಇಬ್ಬರೂ ಬಿಟ್ಟರ ನನ್ನ ಸಾರಿನ ಬೋಗಾಣಿ!"

ಚೆನ್ನಾಗಿ ತಿರುಗಿದ ದಿನ ಪಾತ್ರೆಯ ತಳಕ್ಕೆ ಹತ್ತಿದ ಕಂದು ಅನ್ನದ ಚಕ್ಕೆಯನ್ನು ಬೆಲ್ಲದ ಜೊತೆ ಕೊಡುತ್ತಿದ್ದಳು. ಅಂಥ ರುಚಿ ಮತ್ತೆ ಸಿಗಲಿಲ್ಲ ಎಂದು ಬರೆಯುವುದು ವಾಡಿಕೆ. ಅದು ಸುಟ್ಟ ಅನ್ನದ ಹಾಗೆಯೇ ಇರುತ್ತಿತ್ತು. ಆದರೂ ಅದಕ್ಕಾಗಿ ಜಗಳವಾಡುತ್ತಿದ್ದೆವು.

ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಹೆಡ್‌ಮಾಸ್ತರು ನೋಡಲು ಬಂದರು.

"ಕುಣಿತ ಚಂದ ಐತಿ. ಹಾಡ ಬ್ಯಾಡ."

"ಯಾಕ್ರಿ ಸರ್?" ಎಂದರು ಅಕ್ಕೋರು.

"ಕನ್ನಡ ಸಾಲಿ ಮಕ್ಕಳು ಬೆಳಗಾವ್ಯಾಗ ನಿಂತು ಮರಾಠಿ ಹಾಡಿದ್ರ ಒಬ್ಬ ಎದ್ದ ನಿಲ್ಲತಾನ. ಅವನ್ನ ನೋಡಿ ಇನ್ನೊಬ್ಬ ಏಳತಾನ. ನಿಮಗ ಗೊತ್ತಿಲ್ಲೇನ್ರಿ?"

ಅಕ್ಕೋರಿಗೆ ಗೊತ್ತಿತ್ತು. ನಮಗೂ. ಹೆಡ್‌ಮಾಸ್ತರು ಕೆಟ್ಟವರಾಗಿರಲಿಲ್ಲ. ಹೆದರಿದ್ದರು.

"ಹಾಡ ತಗದ್ರ ನಿಲ್ಲೂದ ಹೆಂಗ್ರಿ ಸರ್?" ಎಂದಳು ಬಾಯಿ.

"ಎಣಸ್ಲಿ. ನಲವತ್ತಕ್ಕ ನಿಲ್ಲಲಿ."

ತಿರುಗುವವರಿಗೆ ಎಣಿಸಲಾಗುವುದಿಲ್ಲ. ಶಾಂತಾಬಾಯಿಗೆ ಅದು ಗೊತ್ತಿತ್ತು. ಸ್ಪರ್ಧೆಯ ದಿನ ಬೆಳಗಾವಿಗೆ ಹೊರಟ ರೈಲು ದಾರಿಯಲ್ಲಿ ದೇಸೂರು ಸ್ಟೇಷನ್ನಿನಲ್ಲಿ ಬಹಳ ಹೊತ್ತು ನಿಂತಿತು. ನನ್ನ ಜಡೆ ಬಿಗಿ ಮಾಡುತ್ತ ಅವಳು ಕಿವಿಯ ಹತ್ತಿರ ಬಂದಳು.

"ತಲಿ ತಿರಗಾಕತ್ತಿದ್ರ ಕಡೀ ಸಾಲ ಸಣ್ಣಗ ಅನ್ನು. ಮುಮ್ತಾಜಗಷ್ಟ ಕೇಳಿದ್ರ ಸಾಕು. ಅಂತೀಯಿಲ್ಲ?"

"ಅಂತೀನ್ರಿ ಬಾಯಿ."

"ನನ್ನ ಮುಂದ ಒಮ್ಮೆ ಅನ್ನು."

ಅವಳ ಕಿವಿಯಲ್ಲಿ ಅಂದೆ. ಅವಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ವೇದಿಕೆಯ ಮೇಲೆ ಬರೀ ಉಸಿರಿನ ಫುಗಡಿ ಶುರುವಾಯಿತು. ಹದಿನೇಳೋ ಹದಿನೆಂಟೋ ಆದಮೇಲೆ ಎಣಿಕೆ ತಪ್ಪಿತು. ಜನರ ಮುಖಗಳೆಲ್ಲ ಒಂದೇ ಗೆರೆಯಾದವು. ಆ ಗೆರೆಯಲ್ಲಿ ಹೆಡ್‌ಮಾಸ್ತರರ ಬಿಳಿ ಅಂಗಿ ಮಾತ್ರ ಸುತ್ತಿಗೊಮ್ಮೆ ಬಂದುಹೋಗುತ್ತಿತ್ತು. ಮುಮ್ತಾಜಳ ಬೆರಳು ಜಾರತೊಡಗಿದವು.

"ಗಿರಿಜಾ, ಅನ್ನು" ಎಂದಳು. "ಅನ್ನು, ಲಗೂ ಅನ್ನು!"

ಸಾಲು ನಾಲಿಗೆಯ ಮೇಲಿತ್ತು. ಬಿಳಿ ಅಂಗಿ ಬಂತು, ಹೋಯಿತು, ಮತ್ತೆ ಬಂತು. ನನ್ನ ಬಾಯಿ ತೆರೆಯಲಿಲ್ಲ.

ಆಗ ಪರದೆಯ ಬದಿಯಿಂದ ಆ ಸಾಲು ಬಂತು. ದೊಡ್ಡ ದನಿಯಲ್ಲಿ, ಎಳೆದು ಎಳೆದು. ನಮ್ಮನ್ನು ಕೇಳದೆಯೇ ಕಾಲು ನಿಧಾನವಾದವು. ಹಾಡು ನಿಂತಾಗ ನಾವೂ ನಿಂತಿದ್ದೆವು. ಸಭೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಮುದುಕಿಯೊಬ್ಬಳು ಚಪ್ಪಾಳೆ ತಟ್ಟಿದಳು. ಅವಳನ್ನು ನಾನೇ ಆಮೇಲೆ ಅಲ್ಲಿ ಕೂರಿಸಿರಬಹುದು.

ಮರುದಿನ ಹೆಡ್‌ಮಾಸ್ತರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿ ಕೇಳಿದರು: "ಹಾಡಿದ್ದು ಯಾರು?"

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ವರ್ಷ ಹೀಗೆ ಹೇಳುತ್ತ ಬಂದೆ: ಬಾಯಿಯನ್ನು ಉಳಿಸಲು ನಾನು ಮುಂದೆ ಬಂದು "ನಾ ಹಾಡಿದ್ನಿರಿ ಸರ್" ಎಂದೆ. ಗಂಡನಿಗೆ ಹೇಳಿದ್ದೆ, ಮಗಳಿಗೆ ಹೇಳಿದ್ದೆ. ಕಳೆದ ವರ್ಷ ಬೆಳಗಾವಿ ಹಿಂದವಾಡಿಯ ನಮ್ಮ ಮನೆಗೆ ಮುಮ್ತಾಜ್ ಬಂದಿದ್ದಳು. ಅವಳೆದುರಿಗೇ ಇದನ್ನು ಮತ್ತೊಮ್ಮೆ ಹೇಳಿದೆ. ಅವಳು ಚಹಾದ ಕಪ್ಪು ಕೆಳಗಿಟ್ಟಳು.

"ಹಂಗ ಅಂದಾಕಿ ನಾನು, ಗಿರಿಜಾ, ನೀ ಅಲ್ಲ. ನೀ ಗ್ವಾಡೀ ಮ್ಯಾಲಿನ ಕ್ಯಾಲೆಂಡರ್ ನೋಡ್ಕೋತ ನಿಂತಿದ್ದಿ."

ನಾನು ನಗಲು ನೋಡಿದೆ. ಅವಳು ನಗಲಿಲ್ಲ.

"ನಾ ಹಾಡಿದ್ನಿ ಅಂದ್ನಿ. 'ಹಂಗಾರ ಹಾಡ ನೋಡೂಣು' ಅಂದ್ರು. ನನಗೆಲ್ಲಿ ಬರತಿತ್ತು? ನಿನ್ನ ಕಡೆ ನೋಡಿದ್ನಿ. ನೀ ಹೇಳಿಕೊಡ್ಲಿಲ್ಲ."

ಕ್ಯಾಲೆಂಡರು ನೆನಪಾಯಿತು. ತುದಿ ಮಡಚಿದ ಹಾಳೆ, ಯಾರೋ ಪೆನ್ಸಿಲಿನಿಂದ ಸುತ್ತು ಹಾಕಿದ್ದ ಒಂದು ಗುರುವಾರ. ಅವಳು ಹೇಳಿದ್ದೇ ಖರೆ. ಉಳಿದದ್ದನ್ನು ಅವಳು ಹೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದ ಬಾಯಿ ತಾನೇ ಅಂದಿದ್ದಳು: "ನಾನ ಹಾಡಿದ್ದು ಸರ್. ಪೋರಗೋಳು ಬೀಳಾಕತ್ತಿದ್ವು, ಏನ ಮಾಡ್ಲಿ?"

ದೀಪಾವಳಿ ಸೂಟಿ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ಬೇರೆಯವಳಿದ್ದಳು. ಬಾಯಿಯನ್ನು ಕೆಲಸದಿಂದ ಬಿಡಿಸಿದರೋ, ತಾನೇ ಬಿಟ್ಟಳೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಹೊಸಬಳ ಪಾತ್ರೆಯ ತಳ ಹತ್ತುತ್ತಿರಲಿಲ್ಲ.

ಈಗ ಮಗಳ ಶಾಲೆಯಲ್ಲಿ ಎಲ್ಲ ನಾಡಿನ ಕುಣಿತ ಕಲಿಸುತ್ತಾರೆ. ಈ ಸಲ ಫುಗಡಿ, ಹಾಡು ಮರಾಠಿಯದೇ. ಯಾರೂ ಬೇಡವೆನ್ನಲಿಲ್ಲ, ಅದು ಸಣ್ಣ ಮಾತಲ್ಲ. ಹಾಡು ಫೋನಿನಿಂದ ಬರುತ್ತದೆ. ಟೀಚರ್ ಬೆರಳು ಒತ್ತಿದರೆ ಥಟ್ಟನೆ ನಿಲ್ಲುತ್ತದೆ. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ.

ಬಾಯಿಯ ಆ ಸಾಲು ಬೇಕೆಂದು ಮಗಳು ಹಟ ಹಿಡಿದಳು. ಎಷ್ಟು ಹುಡುಕಿದರೂ ನನಗೆ ಮರಾಠಿಯ ಒಂದು ಶಬ್ದವೂ ಸಿಗಲಿಲ್ಲ. ಮುಮ್ತಾಜಳಿಗೆ ಫೋನ್ ಮಾಡಿದೆ.

"ನನಗ್ಯಾಕ ಕೇಳ್ತಿ?" ಎಂದಳು. "ಆಕಿ ಅದನ್ನ ನಿನ್ನ ಕಡೆ ಕೊಟ್ಟಿದ್ಲು."

ಮೊನ್ನೆ ಪಡಸಾಲೆಯಲ್ಲಿ ಮಗಳು ನನ್ನ ಕೈ ಹಿಡಿದು ತಿರುಗಿಸತೊಡಗಿದಳು. ಕಪಾಟು, ಕಿಟಕಿ, ಬಾಗಿಲು ಎಲ್ಲ ಒಂದೇ ಗೆರೆಯಾದವು.

"ಮಮ್ಮಿ, ಇನ್ನ ನಿಲ್ಲಸು!"

ಹಳ್ಳ ದಾಟಿದಳು, ಅಂಗಳ ಬಂತು ಎಂದೆ, ಕನ್ನಡದಲ್ಲಿ, ಅರ್ಥವನ್ನಷ್ಟೇ. ಕಾಲು ಕೇಳಲಿಲ್ಲ. ಅವಳ ಕೈ ಬಿಡದೆ ಗೋಡೆಯವರೆಗೂ ತಿರುಗಿದೆ. ಗೋಡೆ ನನ್ನ ಬೆನ್ನಿಗೆ ಬಡಿಯಿತು. ಹಾಗೆ ನಿಂತೆವು.