ನಡುಗಡ್ಡಿಗೆ ಎಳೆದ ಹಳೇ ಕೇಬಲ್

ನನ್ನ ಗಂಡನ ಹೆಸರು ಭೀಮೇಶ. ಗಂಡನ ಹೆಸರು ಬಾಯಿಲೆ ಹೇಳಬಾರ್ದು ಅಂತಾರ ಹಿರ್ಯಾರು. ಅನ್ನಲಿ ಬಿಡ್ರಿ, ನಾ ಪಂಪಾವತಿ, ಹೇಳಬೇಕಾದದ್ದು ಹೇಳೇ ಬಿಡಾಕಿ. ಒಂದು ಕಾಲಕ್ಕ ಸಿಂಧನೂರಿನ ಕೇಬಲ್ ಭೀಮೇಶ ಅಂದ್ರ ಜವಳಗೇರಾ, ಸಾಲಗುಂದ ಮಂದಿಗೆಲ್ಲ ಗೊತ್ತಿತ್ತು. ಕಂಬ ಕಂಬಕ್ಕ ಏಣಿ ಹಚ್ಚಿ ಮನಿಮನಿಗೆ ಟಿವಿ ಕೊಟ್ಟ ಮನುಷ್ಯಾ. ಆಮ್ಯಾಲೆ ಡಿಶ್ ಬಂತು, ಅದರ ಬೆನ್ನಿಗೆ ಫೋನ್ ಬಂತು, ಕೇಬಲ್ ಧಂದೆ ಮಣ್ಣು ಮುಕ್ಕಿತು. ಈಗ ಅಂಗಡಿಗೋಳಿಗೆ ಸಿಸಿ ಕ್ಯಾಮೆರಾ ಕೂಡಸ್ತಾರ. ಆದ್ರ ಹಳೇ ಕೇಬಲ್ ಸುರುಳಿ ಒಂದೂ ಹೊರಗ ಒಗಿಲಿಲ್ಲ. ಅಟ್ಟದ ಮ್ಯಾಲೆ, ಮಂಚದ ಕೆಳಗ, ಜೋಳದ ಚೀಲದ ಹಿಂದ, ಎಲ್ಲಿ ಕೈ ಹಾಕಿದ್ರೂ ಅದೇ. ಗುಜರಿಗೆ ಹಾಕ್ರಿ ಅಂದ್ರ, "ಏ, ಮಾಲು ಕೆಟ್ಟಿಲ್ಲ, ಸುಮ್ನಿರು" ಅಂತಿದ್ರು.

ನನ್ನ ಅಣ್ಣ ಅಯ್ಯಪ್ಪ ಲಿಂಗಸುಗೂರು ಕಡೆ ಕೃಷ್ಣಾ ಹೊಳಿ ನಡುಗಡ್ಡಿಯೊಳಗ ಸಾಲಿ ಮಾಸ್ತರ. ಹೆಂಡ್ತಿ ದೀಪಾ, ನಮ್ಮವ್ವ ಮುದುಕಮ್ಮ, ಎಲ್ಲಾರೂ ಅಲ್ಲೇ ಇದ್ರು. ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ರ ನಡುಗಡ್ಡಿಗೆ ದಾರಿ ಬಂದ್. ಕರೆಂಟ್ ಹೋಗ್ತದ, ಫೋನ್ ಟವರೂ ಸಾಯ್ತದ. ಅದಕ್ಕ ಅಣ್ಣ ಮತ್ತ ನಮ್ಮವರು, ಸಾಲಿ ದಿನದ ದೋಸ್ತರು, ಇಬ್ರೂ ಕೂಡಿ ಟವರ್ ಇಲ್ದೇ ದೂರ ಮಾತಾಡೋ ಹ್ಯಾಮ್ ರೇಡಿಯೋ ಪರೀಕ್ಷೆ ಬರದು ಲೈಸೆನ್ಸ್ ತಗೊಂಡ್ರು. ಹೊಳಿ ಬಂದಾಗ ಮಂದಿ ಜೀವಕ್ಕ ಆಗಬೇಕು ಅನ್ನೋದೊಂದೇ ಆಸೆ. ಅದರಾಗ ಸುಳ್ಳಿಲ್ಲ.

ಏರಿಯಲ್ ಅಂದ್ರ ದೊಡ್ಡ ವಿದ್ಯೆ ಏನಲ್ಲ. ಎರಡೂ ಕಡೆ ಎಳದು ಕಟ್ಟಿದ ತಂತಿ, ಅದರ ನಡುವಿನಿಂದ ರೇಡಿಯೋ ತನಕ ಇಳಿಯೋ ಕೇಬಲ್. ಡೈಪೋಲ್ ಅಂತಾರ. ನಡುಗಡ್ಡಿಯೊಳಗ ತಂತಿ ಕಟ್ಟಿದ್ದು ಸಾಲಿ ಗುಡ್ಡದ ಮ್ಯಾಲೆ, ಅಣ್ಣನ ಮನಿ ಕೆಳಗ. ಆ ಇಳಿಯೋ ಕೇಬಲ್ ಯಾವುದಿರಬೇಕು ಅನ್ನೋದಕ್ಕೇ ಇಬ್ರಿಗೂ ಜಗಳ ಹತ್ತಿತು.

"ಎರಡು ಬರಿ ತಂತಿ ನಡುವ ಕಡ್ಡಿ ಕಟ್ಟಿ, ಏಣಿಯಂಗ ಇಳಿಸೋಣು. ದೂರಕ್ಕ ಅದೇ ಛಲೋ" ಅಂದ ಅಣ್ಣ.

"ಕೆಳಗ ತಗಡು ಹೊಚ್ಚಿದ ಮನಿ, ಸುತ್ತ ಕುರಿ, ಸಾಲಿ ಹುಡುಗರು. ಬರಿ ತಂತಿ ತಗಡಿಗೆ ಹತ್ತಿತಂದ್ರ ಕೆಲಸ ಕೆಡ್ತು" ಅಂದ್ರು ನಮ್ಮವರು.

"ಹಂಗಾರ ರೇಡಿಯೋಕ್ಕಂತ ಮಾಡಿದ್ದು ಹೊಸಾ ಕೇಬಲ್ ತರಸು. ಒಂದೇ ತುಂಡು."

"ಲೇ ಅಯ್ಯಪ್ಪ, ಮನಿ ತುಂಬ ಕೇಬಲ್ ಇಟಗೊಂಡು ಪ್ಯಾಟಿಗೆ ಹೋಗಲೇನು? ಟಿವಿ ಕೇಬಲ್ ಡೈಪೋಲಿಗೆ ಬರೋಬ್ಬರಿ ಹೊಂದ್ತದ. ಬೇಕಾದ್ರ ಪುಸ್ತಕ ನೋಡು."

ಪುಸ್ತಕದಾಗ ಹಂಗೇ ಇತ್ತು. ಟಿವಿ ಕೇಬಲ್ ತಪ್ಪಲ್ಲ, ತಪ್ಪಾದದ್ದು ಗಂಟಿನಾಗ. ಗುಡ್ಡದಿಂದ ಮನಿ ತನಕ ಒಂದು ತುಂಡು ಸಾಲಲಿಲ್ಲ, ಎರಡು ಜೋಡಸಬೇಕಾತು. ಒಳಗಿನ ತಂತಿ ಸುತ್ತ ಹೆಣೆದ ಜಾಲರಿ ಅಲ್ಯುಮಿನಿಯಂದು, ಬೆಸುಗಿ ಹಿಡಿಯಂಗಿಲ್ಲ. ನಮ್ಮವರು ಜನ್ಮ ಇಡೀ ಕಂಬದ ಮ್ಯಾಲೆ ಮಾಡಿದ್ದನ್ನೇ ಅಲ್ಲೂ ಮಾಡಿದ್ರು. ಸುಲದು, ತಿರುವಿ, ಕರೇ ಟೇಪ್ ಸುತ್ತಿ, ಹಲ್ಲಿಲೆ ಕಡದು "ಆತು" ಅಂದ್ರು. ಟಿವಿಗೆ ಹಂಗ ನಡೀತಿತ್ತು. ಮಳಿಗೆ ಚಿತ್ರ ಕೆಟ್ರ ಮಂದಿ ಬೈತಿದ್ರು, ಮರುದಿನ ಹೋಗಿ ಹೊಸಾ ಗಂಟು ಹಾಕಿ ಬರತಿದ್ರು.

ಮೀಟರ್ ಹಚ್ಚಿ ನೋಡಿದ್ರು. ಕಳಿಸಿದ ಪವರ್‌ನಾಗ ಎಷ್ಟು ಹೊಳ್ಳಿ ಬರ್ತದ ಅಂತ ತೋರಸೋ ಮೀಟರ್ ಅದು. ಹೊಳ್ಳಿ ಬರೋದು ಕಮ್ಮಿ ಇದ್ದಷ್ಟೂ ಛಲೋ. ಮುಳ್ಳು ಹೆಂಗಿರಬೇಕೋ ಹಂಗೇ ಇತ್ತು. ಬ್ಯಾಸಿಗಿ ಇಡೀ ದಿನಾ ಮುಂಜಾನೆ ಇಬ್ರೂ ಮಾತಾಡಿದ್ರು. ನಾ ರೊಟ್ಟಿ ಬಡಕೋತ ಅಣ್ಣನ ದನಿ ಕೇಳತಿದ್ದೆ, ಜೀವಕ್ಕ ತಂಪಾಗತಿತ್ತು.

ಮಳಿಗಾಲ ಹತ್ತಿದ ಮ್ಯಾಲೆ ದನಿ ಕಮ್ಮಿ ಆಕ್ಕೋತ ಬಂತು. "ಹವಾ ಸರಿ ಇಲ್ಲ" ಅಂದ್ರು ನಮ್ಮವರು. "ನಂದು ಮೀಟರ್ ಮೊದಲಿಗಿಂತ ಛಲೋ ತೋರಸಾಕತ್ತೈತಿ" ಅಂದ ಅಣ್ಣ. ಇಬ್ರೂ ಖುಷ್! ಗಂಟಿನಾಗ ಹೊಕ್ಕ ಮಳಿ ನೀರು ಜಾಲರಿ ಹಿಡದು ಕೇಬಲ್ ಉದ್ದಕ್ಕೂ ಇಳದಿತ್ತು. ಪವರ್ ದಾರ್ಯಾಗೇ ಸಾಯತಿತ್ತು. ಮ್ಯಾಲೂ ಮುಟ್ಟತಿದ್ದಿಲ್ಲ, ಹೊಳ್ಳೀನೂ ಬರತಿದ್ದಿಲ್ಲ. ಕಳಿಸಿದ ಕಾಳು ಹೊಳ್ಳಿ ಬರಲಿಲ್ಲ ಅಂದ್ರ ಪ್ಯಾಟಿ ಮುಟ್ಟೇತಿ ಅಂದುಕೊಂಡಂಗ. ನಡುವ ಹೆಗ್ಗಣ ತಿಂದದ್ದು ಯಾರು ನೋಡ್ಯಾರ? ಇದೆಲ್ಲ ನಮಗ ತಿಳಿದದ್ದು ಆಮ್ಯಾಲೆ.

ಆ ವರ್ಷ ಹೊಳಿ ತುಂಬಿ ಬಂತು. ನಡುಗಡ್ಡಿ ಮುಳುಗಲಿಲ್ಲ, ದಾರಿ ಕಟ್ಟಾತು, ಫೋನ್ ಸತ್ತವು. ಆಚಿ ದಂಡಿಗೆ ಬೋಟು ನಿಂತಿತ್ತು. ಯಾರಿಗರ ಜೀವಕ್ಕ ಬಂದ್ರ ಹೊಳಿ ಕಡಿ ಬಂಡೆಗಲ್ಲಿನ ಮ್ಯಾಲೆ ಕೆಂಪು ಸೀರಿ ಏರಸೋದು ನಡುಗಡ್ಡಿ ರೂಢಿ. ಕಂಡ ಕೂಡ್ಲೆ ಬೋಟು ಬರ್ತದ.

ಒಂದಿನ ಮುಂಜಾನೆ ನೆನೆದ ಮಣ್ಣಿನ ಗ್ವಾಡಿ ಕುಸದು ನಮ್ಮ ಅತ್ತಿಗಿ ದೀಪಾನ ಮ್ಯಾಲೆ ಬಿತ್ತು. ತೊಡಿ ಮುರದು ರಕ್ತ ಹರಿಯಾಕತ್ತಿತು. ಅಣ್ಣ ಬಟ್ಟಿ ಬಿಗದು ಕಟ್ಟಿ ರೇಡಿಯೋ ಮುಂದ ಕುಂತ. ಮೀಟರ್ ನೋಡಿದ, ಸರಿ ಇತ್ತು. ಕರದ. ಉತ್ತರ ಇಲ್ಲ. "ನನ್ನ ದನಿ ಹೋಗಾಕತ್ತೈತಿ, ಭೀಮೇಶನ ದನಿ ನನಗ ಬರವಲ್ದು ಅಷ್ಟೇ" ಅಂದುಕೊಂಡು ಮತ್ತ ಕರದ.

"ಸೀರಿ ಏರಸೋ ಅಯ್ಯಪ್ಪಾ" ಅಂದ್ಲಂತ ಅವ್ವ.

"ಯವ್ವಾ, ಒಂದು ಗಳಿಗಿ ಸುಮ್ನಿರು. ಭೀಮೇಶಗ ಹೇಳೀನಿ, ಅವ ಫೋನ್ ಮಾಡಿರ್ತಾನ, ಬೋಟು ಹೊಂಟಿರತೈತಿ."

ಅದೇ ಹೊತ್ನ್ಯಾಗ ಸಿಂಧನೂರಾಗ ನಾವೂ ರೇಡಿಯೋ ಮುಂದೇ ಇದ್ವಿ. ಸುಂಯ್ ಅನ್ನೋ ಸಪ್ಪಳ ಬಿಟ್ರ ಏನೂ ಇಲ್ಲ. "ಇವತ್ತೂ ಹವಾ ಕೆಟ್ಟೈತಿ, ಚಾ ಮಾಡು" ಅಂದ್ರು ನಮ್ಮವರು. ಮಾಡಿ ಕೊಟ್ಟೆ, ನಾನೂ ಕುಡದೆ.

ಕಾಯ್ದು ಕಾಯ್ದು ಅವ್ವಗ ತಡಿಲಿಲ್ಲ. "ನಿನ್ನ ಡಬ್ಬಿಗೆ ಬೆಂಕಿ ಹಾಕ" ಅಂದಾಕಿ, ಟ್ರಂಕಿನಾಗಿಂದ ಸೊಸಿಯ ಕೆಂಪು ಮದುವಿ ಸೀರಿ ತಗದು, ಗಳಕ್ಕ ಕಟ್ಟಿ, ತಾನೇ ಬಂಡೆ ಹತ್ತಿದ್ಲು. ಬೋಟು ಬಂತು. ದೀಪಾ ನಡು ಹೊಳ್ಯಾಗ, ಅವ್ವನ ತೊಡಿ ಮ್ಯಾಲೆ ಜೀವ ಬಿಟ್ಲು. ಸ್ವಲ್ಪ ಮುಂಚೆ ತಂದಿದ್ರ ಉಳೀತಿದ್ಲು ಅಂದ್ರಂತ ಡಾಕ್ಟರು.

ಅಣ್ಣ ನಡುಗಡ್ಡಿ ಬಿಟ್ಟು ಅವ್ವನ ಕರಕೊಂಡು ಮಸ್ಕಿಗೆ ಬಂದ. "ಅವ್ವನ ಮಾತು ಕೇಳಲಿಲ್ಲ, ನಾನೇ ಕೊಂದೆ" ಅಂತ ಅನ್ನ ನೀರು ಬಿಟ್ಟ. ಹೊಳಿ ಇಳಿದ ಮ್ಯಾಲೆ ನಮ್ಮವರು ಒಬ್ರೇ ಹೋಗಿ ಗಂಟು ಬಿಚ್ಚಿದ್ರು. ಒಳಗಿನ ತಂತಿ ತುಕ್ಕು ಹಿಡದಿತ್ತು, ಕೇಬಲ್ ಎತ್ತಿ ಹಿಡದ್ರ ನೀರು ತೊಟ್ಟಿಕ್ಕಿತು. ಮನಿಗೆ ಬಂದು ನನ್ನ ಮುಂದ ಎಲ್ಲಾ ಹೇಳಿ ಗ್ವಾಡಿಗೆ ತಲಿ ಜಜ್ಜಿಕೊಂಡ್ರು.

"ಅಣ್ಣಗ ಹೇಳಬ್ಯಾಡ್ರೀ, ಕಾಲಿಗೆ ಬೀಳತೀನಿ. ಸತ್ತಾಕಿ ಹೊಳ್ಳಿ ಬರಂಗಿಲ್ಲ, ನನಗಿರೋದು ಒಬ್ಬನೇ ಅಣ್ಣ" ಅಂದೆ.

"ಅವ ತನ್ನ ತಪ್ಪು ಅಂತ ಸಾಯಾಕತ್ಯಾನ ಪಂಪಾ. ನಾ ಬಾಯಿ ಮುಚಗೊಂಡು ಕುಂತ್ರ ಇನ್ನೊಂದು ಹೆಣ ಬೀಳತೈತಿ" ಅಂದು ಮಸ್ಕಿ ಬಸ್ ಹತ್ತಿದ್ರು. ನಾನೂ ಬೆನ್ನ ಹತ್ತಿದೆ.

ಅಣ್ಣ ಎಲ್ಲಾ ಕೇಳಿಸಿಕೊಂಡ. ಬೈಲಿಲ್ಲ. ಬೈದು ಎರಡು ಬಡಿದಿದ್ರ ಎಷ್ಟೋ ಛಲೋ ಇತ್ತು. ಇಷ್ಟೇ ಅಂದ, "ನನ್ನ ತಪ್ಪು ಅಂತಿದ್ದಾಗ, ಹೋಗಿ ಅಳಾಕ ತಂಗಿ ಮನಿ ಒಂದಿತ್ತು. ಅದನ್ನೂ ಕಸಗೊಂಡೆಲ್ಲೋ ಭೀಮೇಶ."

ಅವತ್ತಿನಿಂದ ಅನ್ನ ಉಣ್ಣಾಕತ್ತಿದ. ಜೀವ ಉಳೀತು, ನಮ್ಮವರು ಅಂದದ್ದು ಖರೇ ಆತು. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಬಂದು ತಂಗಿನ ತವರಿಗೆ ಕರಕೊಂಡು ಹೋಗಬೇಕು. ಈ ವರ್ಷ ನಾ ಚೀಲ ಕಟ್ಟಿಟ್ಟು ಹೊಸ್ತಿಲದಾಗ ಕುಂತೆ. ಸಂಜಿಮುಂದ ಅವ್ವ ಒಬ್ಬಾಕೇ ಬಂದ್ಲು, ಕೈಯಾಗ ಉಂಡಿ ಡಬ್ಬಿ.

"ಅಣ್ಣ ಎಲ್ಲಿ ಬೇ?" ಅಂದೆ.

"ಬಸ್‌ಸ್ಟ್ಯಾಂಡ್ ತನಕ ಬಂದಾನವ್ವ" ಅಂದ್ಲು. "ಈ ಮನಿ ತನಕ ಬರಾಕ ಕಾಲು ಏಳವಲ್ವಂತ."

ನಮ್ಮವರು ಒಳಗೇ ಇದ್ರು, ಎಲ್ಲಾ ಕೇಳಿಸಿತು. ಹೊರಗ ಬರಲಿಲ್ಲ.