ಸೋಲಲು ಬಾರದ ಗಿರಾಕಿ

ಅಪ್ರೆಂಟಿಸ್ ಆಗಿದ್ದ ವರ್ಷದಲ್ಲಿ ನಾನು ಹೆಸರು ಮಾಡಿದ್ದು ಒಂದೇ ವಿಷಯದಲ್ಲಿ: ವಿಮೆ ಯಾಕೆ ಬೇಡ ಎಂದು ವಾದಿಸುವುದರಲ್ಲಿ. ನನಗೆ ಸಂಬಳ ಕೊಡುತ್ತಿದ್ದದ್ದು ವಿಮಾ ಕಂಪನಿಯೇ.

ಬಿ.ಸಿ. ರೋಡಿನ ಆ ಶಾಖೆಗೆ ಕಲಿಯಲು ಸೇರಿದವರು ನಾವಿಬ್ಬರು, ನಾನು ಮತ್ತು ಬೆಳ್ತಂಗಡಿ ಕಡೆಯಿಂದ ಬರುತ್ತಿದ್ದ ಒಬ್ಬಳು. ಶನಿವಾರ ಕೌಂಟರ್ ಮುಚ್ಚಿದ ಮೇಲೆ ಮ್ಯಾನೇಜರ್ ನಮ್ಮಿಂದ ಒಂದು ನಾಟಕ ಆಡಿಸುತ್ತಿದ್ದರು. ಒಬ್ಬರು ಏಜೆಂಟ್, ಇನ್ನೊಬ್ಬರು ಗಿರಾಕಿ. ಗಿರಾಕಿ ತಕರಾರು ತೆಗೆಯಬೇಕು, ಏಜೆಂಟ್ ಅದನ್ನು ನಯವಾಗಿ ಬಿಡಿಸಿ ಸಹಿ ಹಾಕಿಸಬೇಕು.

ಮೊದಲ ಶನಿವಾರ ಅವರೇ ಏಜೆಂಟ್ ಆದರು. ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೈಕಿನ ಎದುರು ಬೆಳೆದವಳು. ಸತ್ತರೆ ಮಾತ್ರ ಗೆಲ್ಲುವ ಪಂದ್ಯಕ್ಕೆ ಬದುಕಿರುವವಳು ಯಾಕೆ ಹಣ ಕಟ್ಟಬೇಕು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಉಳಿದದ್ದು ಮುಂದಿನ ವಾರ ನೋಡುವ ಎಂದರು. ಅಂದಿನಿಂದ ನನಗೆ ಗಿರಾಕಿಯ ಪಾತ್ರವೇ ಖಾಯಂ. ಅದನ್ನು ನಾನು ಬಡ್ತಿ ಎಂದುಕೊಂಡಿದ್ದೆ.

ನಿಜವಾದ ಗಿರಾಕಿಗಳ ಹತ್ತಿರವೂ ಕಳಿಸಿ ನೋಡಿದರು. ಮೆಲ್ಕಾರಿನ ಬಟ್ಟೆ ಅಂಗಡಿಯವರೊಬ್ಬರು, ಇದೆಲ್ಲ ಬೇಕಾ ಎಂದು ಸುಮ್ಮನೆ ಕೇಳಿದರು. ನ್ಯಾಯವಾಗಿ ಇರಲಿ ಎಂದು ಪರ ವಿರೋಧ ಎರಡನ್ನೂ ಹೇಳಿದೆ. ಅವರು ತುಂಬಾ ಖುಷಿಯಾಗಿ ನನಗೊಂದು ಲಿಂಬೆ ಸೋಡಾ ಕುಡಿಸಿ, ಮರುದಿನ ಚಿನ್ನದ ಅಂಗಡಿಯ ಸ್ಕೀಮಿಗೆ ಸೇರಿಕೊಂಡರು.

ವರ್ಷದ ಕೊನೆಗೆ ಮಂಗಳೂರಿನಿಂದ ಅಧಿಕಾರಿಯೊಬ್ಬರು ಬರುವುದೆಂದಾಯಿತು. ಅವರೆದುರು ಇದೇ ನಾಟಕ. ಏಜೆಂಟಾಗಿ ಗೆದ್ದರೆ ಕೆಲಸ ಖಾಯಂ. ನಾನು ಕಾನೂನು ಓದಲು ಹೋಗುವುದೆಂದು ಆಗಲೇ ನಿಶ್ಚಯವಾಗಿದ್ದರಿಂದ ಪರೀಕ್ಷೆ ಇದ್ದದ್ದು ಅವಳೊಬ್ಬಳಿಗೆ. ಡಿಗ್ರಿ ಮುಗಿಸಲು ಅವಳು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ವಿಂಗಡಿಸುತ್ತಿದ್ದವಳು. ಇಲ್ಲಿ ಆಗದಿದ್ದರೆ ಮತ್ತೆ ಅಲ್ಲಿಗೇ. ಗಿರಾಕಿ ಯಾರು ಎಂದು ಕೇಳುವುದೇ ಬೇಡ.

ಹಿಂದಿನ ದಿನ ಅವಳನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುವಾಗ ಹಿಂದಿನಿಂದ ಹೇಳಿದಳು, "ನಾಳೆ ಒಂದು ದಿನ ಸೋತು ಕೊಡು ಮಾರಾಯ್ತಿ. ನಿನಗೆ ಎಂತ ಹೋಗ್ಲಿಕ್ಕುಂಟು?"

ಏನೂ ಇರಲಿಲ್ಲ. ಒಪ್ಪಿದೆ. ಮನೆಗೆ ಹೋಗಿ ಸೋಲುವುದಕ್ಕೂ ತಯಾರಿ ಮಾಡಿಕೊಂಡೆ. ಎರಡು ಸಣ್ಣ ತಕರಾರು, ಆಮೇಲೆ "ಆಯ್ತು, ಎಲ್ಲಿ ಸಹಿ ಹಾಕ್ಬೇಕು?" ಎಂಬ ಒಂದು ವಾಕ್ಯ. ಅದನ್ನು ಕನ್ನಡಿಯೆದುರು ಹೇಳಿ ಹೇಳಿ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಕನ್ನಡಿಯೊಳಗಿನವಳು ವ್ಯಂಗ್ಯ ಮಾಡಿದ ಹಾಗೆ ಕೇಳುತ್ತಿತ್ತು.

ಅಧಿಕಾರಿ ಚಹಾ ಹಿಡಿದು ಕೂತರು. ನನಗಿನ್ನೂ ಸಣ್ಣ ಪ್ರಾಯ ಎಂದೆ, ಅವಳು ಉತ್ತರಿಸಿದಳು. ಮನೆಯಲ್ಲಿ ಕೇಳಿ ಹೇಳ್ತೇನೆ ಎಂದೆ, ಅದಕ್ಕೂ ಉತ್ತರಿಸಿದಳು. ಇನ್ನು ನನ್ನ ವಾಕ್ಯ. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಗೆದ್ದ ಸಂತೋಷದಲ್ಲಿ, ಇದರಲ್ಲಿ ನಷ್ಟವೆಂಬುದೇ ಇಲ್ಲ ಎಂದುಬಿಟ್ಟಳು.

ನಷ್ಟವೆಂಬುದೇ ಇಲ್ಲವೇ? ನಡುವೆ ಕಂತು ನಿಲ್ಲಿಸಿದರೆ ಏನು ಎಂದು ಕೇಳಿದವಳು ನಾನೇ ಇರಬೇಕು, ಸ್ವರ ನನ್ನದೇ ಆಗಿತ್ತು. ಅಲ್ಲಿಂದ ಬೆಲೆಯೇರಿಕೆಗೆ ಹೋದೆ. ಬೆಲೆಯೇರಿಕೆಯಿಂದ, ನಷ್ಟ ಎಂದರೆ ಏನು ಎಂಬ ವ್ಯಾಖ್ಯಾನಕ್ಕೆ. ಅಧಿಕಾರಿ ಏನೋ ಬರೆದುಕೊಂಡರು, ತೀರ್ಪುಗಾರರು ಅಂಕ ಹಾಕುವುದನ್ನು ಕಂಡ ಹಳೆಯ ಉಮೇದಿನಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿದೆ. ಮ್ಯಾನೇಜರ್ ಫ್ಯಾನ್ ನೋಡುತ್ತಿದ್ದರು. ಅವಳ ಮುಖ ನೋಡಿದ ಮೇಲೆಯೇ ನನಗೆ ನೆನಪಾದದ್ದು, ನಾನು ಇವತ್ತು ಸೋಲಬೇಕಾದವಳು ಎಂದು.

ಅವಳು ಕೈಯಲ್ಲಿದ್ದ ಕರಪತ್ರ ಮಡಚಿಟ್ಟಳು. "ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ತೆಗೆದುಕೊಳ್ಳುವುದೇ ಬೇಡ. ಅಮ್ಮನ ನಂಬರ್ ಕೊಡಿ."

"ಅಮ್ಮನ ನಂಬರ್ ಯಾಕೆ?"

"ನೀನು ಸ್ಕೂಟರಿನಲ್ಲಿ ಮನೆಗೆ ಮುಟ್ಟುವವರೆಗೆ ಬಾಗಿಲಲ್ಲಿ ನಿಲ್ಲುವುದು ಯಾರು? ನೀನಾ?" ‘ನೀವು’ ಹೋಗಿ ‘ನೀನು’ ಬಂದದ್ದು ಅವಳಿಗೂ ಗೊತ್ತಾಗಲಿಲ್ಲ.

ಎದುರಾಳಿಯನ್ನು ಬಿಟ್ಟು ಸಭೆಯಲ್ಲಿ ಇಲ್ಲದವರ ಜೊತೆ ಮಾತಾಡಿದರೆ ಖಂಡಿಸುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಸಮಯ ಮುಗಿಯಿತೆಂದು ಗಂಟೆ ಹೊಡೆದು ಬದುಕಿಸುವವರೂ ಅಲ್ಲಿರಲಿಲ್ಲ. ಇದು ಮೊದಲೇ ಮಾತಾಡಿಕೊಂಡದ್ದಾ ಎಂದು ಅಧಿಕಾರಿ ತುಳುವಿನಲ್ಲಿ ಕೇಳಿದರು. ಮಾತಾಡಿಕೊಂಡಿದ್ದರೆ ಇಷ್ಟು ಕೆಡುತ್ತಿರಲಿಲ್ಲ ಎಂದರು ಮ್ಯಾನೇಜರ್. ಅಧಿಕಾರಿ ನಕ್ಕು, ನಂಬರ್ ಕೊಡಿ ಅವರಿಗೆ ಎಂದರು. ಗಾಬರಿಯಲ್ಲಿ ನಾನು ನಿಜವಾದ ನಂಬರನ್ನೇ ಕೊಟ್ಟೆ.

ಅವಳ ಕೆಲಸ ಖಾಯಂ ಆಯಿತು. ಆಮೇಲಿನ ಭಾನುವಾರ ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬಂದಾಗ, ನನ್ನ ಉಪಕಾರ ನೆನೆಯಲು ಬಂದಿದ್ದಾಳೆಂದು ಭಾವಿಸಿ ವಿನಯದ ಮುಖ ಮಾಡಿಕೊಂಡು ನಿಂತೆ. ಅವಳು ನನ್ನನ್ನು ದಾಟಿ ನೇರ ಅಡುಗೆಮನೆಗೆ ಹೋದಳು.

ಒಳಗೆ ಅಮ್ಮನೂ ಅವಳೂ ತುಳುವಿನಲ್ಲಿ ಮಾತಾಡಿದರು. ಸಾವು ಎಂಬ ಪದ ಒಮ್ಮೆಯೂ ಬರಲಿಲ್ಲ. ಬಂದದ್ದು ಸ್ಕೂಟರ್, ತಿರುವು, ಹಾರ್ನ್ ಹಾಕದೆ ನುಗ್ಗುವ ಬಸ್ಸು, ಮತ್ತೆ "ಏನಾದರೂ ಹೆಚ್ಚು ಕಡಿಮೆ ಆದರೆ." ನಾನು ಬಾಗಿಲಲ್ಲಿ ನಿಂತು, ಭಯ ಹುಟ್ಟಿಸುವುದು ವಾದವಲ್ಲ ಎಂದು ಶುರು ಮಾಡಿದೆ. ದೊಡ್ಡವರು ಮಾತಾಡುವಾಗ ಸುಮ್ಮನಿರು ಎಂದರು ಅಮ್ಮ. ಅವಳು ನನಗಿಂತ ಚಿಕ್ಕವಳು.

ಕಂತು ಕಟ್ಟುವುದು ಅಮ್ಮನಾದರೂ ವಿಮೆ ನನ್ನ ಮೇಲೆ. ಹಾಗಾಗಿ ಕೊನೆಗೆ ಸಹಿಗೆಂದು ಅರ್ಜಿ ನನ್ನ ಹತ್ತಿರ ಬಂತು. ಪೂರ್ತಿ ಓದದೆ ಹಾಕುವುದಿಲ್ಲ ಎಂದೆ. ಓದಿದೆ. ಎರಡು ಪ್ರಶ್ನೆ ಎದ್ದವು, ಕೇಳಿದೆ.

ಅವಳು ನನ್ನತ್ತ ತಿರುಗಲೇ ಇಲ್ಲ. "ಆಂಟಿ, ಇವಳು ಸಣ್ಣದರಲ್ಲಿಯೂ ಹೀಗೆಯೇ ಇದ್ದದ್ದಾ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಅಂಗನವಾಡಿಯಿಂದ ಶುರು ಮಾಡಿದರು. ಕಥೆ ಒಂದನೇ ಕ್ಲಾಸಿಗೆ ಬರುವ ಮೊದಲೇ ನಾನು ಸಹಿ ಹಾಕಿ ಕೊಟ್ಟೆ.